ತಮ್ಮನ ಹಳೇ ಪಿಎಸ್‌ಪಿ, ಅಪ್ಪನ ಒತ್ತಕ್ಷರ

ಆಷಾಢದ ಕೊನೆಯ ಶುಕ್ರವಾರ. ಬೀದಿಯವರೆಲ್ಲ ನಸುಕಿಗೇ ಎದ್ದು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ರಾತ್ರಿಯೆಲ್ಲ ಮಳೆ ಹೊಯ್ದು ಮೈಸೂರಿನ ಸರಸ್ವತಿಪುರಂನ ನಮ್ಮ ಹಳೇ ಮನೆಯ ಅಟ್ಟ ಸೋರುತ್ತಿತ್ತು. ಪುಸ್ತಕದ ಪೆಟ್ಟಿಗೆಗಳು ಒದ್ದೆಯಾಗುವ ಮೊದಲು ಇಳಿಸೋಣ ಅಂತ ಏಣಿ ಹಾಕಿ ಹತ್ತಿದೆ. ಪೆಟ್ಟಿಗೆಗಳ ಹಿಂದೆ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅದರೊಳಗೆ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ತಮ್ಮನ ಪಿಎಸ್‌ಪಿ, ಅಂದರೆ ಸೋನಿ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಇತ್ತು.

ಅವನು ಅದನ್ನು ಕೊಂಡದ್ದು 2010ರಲ್ಲಿ. ಡಿಪ್ಲೊಮಾ ಓದುತ್ತಿದ್ದ. ರಜೆಯಲ್ಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡಿಗೆ ಅಪ್ಪ ಸ್ವಲ್ಪ ಸೇರಿಸಿದ್ದರು. ದೇವರಾಜ ಅರಸು ರಸ್ತೆಯಿಂದ ಡಬ್ಬ ತಂದ ರಾತ್ರಿ ಊಟಕ್ಕೂ ಏಳದೆ ಅದನ್ನೇ ಹಿಡಿದು ಕೂತಿದ್ದ. ಈಗ ಅವನು ದೂರದ ಊರಲ್ಲಿದ್ದಾನೆ. ಫೋನ್ ಮಾಡಿ ಹೇಳಿದರೆ, "ಅಕ್ಕ, ಅದು ಸತ್ತು ಎಷ್ಟೋ ವರ್ಷ ಆಯ್ತು, ಬಿಸಾಕು" ಅಂದ.

ನನಗೆ ಮನಸ್ಸು ಬರಲಿಲ್ಲ. ಗೇಮ್ ಆಡುವ ಆಸೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನ್ನ ಆಸೆ ಬೇರೆ. ಆ ಯಂತ್ರದ ಮೆನುವಿನಲ್ಲಿ ಜಪಾನಿ ಇದೆ, ರಷ್ಯನ್ ಇದೆ, ಕೊರಿಯನ್ ಇದೆ, ಡಚ್ ಕೂಡ ಇದೆ. ಕನ್ನಡ ಇಲ್ಲ. 480 ಚುಕ್ಕಿ ಅಗಲ, 272 ಚುಕ್ಕಿ ಎತ್ತರದ ಅಷ್ಟು ಚಂದದ ಪರದೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಒಂದು ದಿನವೂ ನಮ್ಮ ಅಕ್ಷರ ಕಂಡಿರಲಿಲ್ಲ. ಒಂದೇ ಒಂದು ಸಾಲು ಕನ್ನಡ ಅದರ ಮೇಲೆ ಮೂಡಿಸಬೇಕು ಅನ್ನಿಸಿತು.

ಅದಕ್ಕೆ ಇರುವ ದಾರಿ ಹೋಂಬ್ರೂ. ಕಂಪನಿಯ ಒಪ್ಪಿಗೆ ಇಲ್ಲದೆ ಹವ್ಯಾಸಿಗಳು ತಾವೇ ಬರೆದುಕೊಂಡ ಪ್ರೋಗ್ರಾಮುಗಳಿಗೆ ಆ ಹೆಸರು. ಅವು ನಡೆಯಬೇಕಾದರೆ ಯಂತ್ರದ ಫರ್ಮ್‌ವೇರ್, ಅಂದರೆ ಒಳಗೇ ಕೂತು ಅದನ್ನು ನಡೆಸುವ ಮೂಲ ಪ್ರೋಗ್ರಾಂ, ಮಾರ್ಪಡಿಸಬೇಕು. ಇದನ್ನು ಹೇಳಿದ ಕೂಡಲೇ ಜನ "ಓ, ಕಳ್ಳ ಗೇಮ್ ಹಾಕಿಕೊಳ್ಳೋಕಾ?" ಅಂತ ಕೇಳುತ್ತಾರೆ. ಅಲ್ಲ. ನಾನು ಕೊಂಡ ರುಬ್ಬುವ ಕಲ್ಲಿನಲ್ಲಿ ಯಾವ ಹಿಟ್ಟು ರುಬ್ಬಬೇಕು ಅಂತ ಮಾರಿದವನು ಹೇಳುವುದಿಲ್ಲ ಅಲ್ವಾ? ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ನಾನು ಬರೆದ ಪ್ರೋಗ್ರಾಂ ನಡೆಸುವುದು ನನ್ನ ಹಕ್ಕು ಅಂತಲೇ ನಂಬಿದ್ದೇನೆ. ಬೇರೆಯವರು ಬೆವರು ಸುರಿಸಿ ಮಾಡಿದ ಗೇಮನ್ನು ದುಡ್ಡು ಕೊಡದೆ ಇಳಿಸಿಕೊಳ್ಳುವುದು ಬೇರೆ ವಿಷಯ. ಅದು ನನಗೆ ಬೇಡ.

ಮೊದಲು ಎದುರಾದದ್ದು ಬ್ಯಾಟರಿ. ಹಿಂದಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಒಂದು ಬದಿ ಎದ್ದಿತ್ತು. ಮೆಲ್ಲಗೆ ತೆಗೆದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ಹಾಗೆ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಲೇಬಾರದು. ಒಳಗಿನ ಪದರಗಳು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮರಳು ತುಂಬಿದ ತಗಡಿನ ಡಬ್ಬದಲ್ಲಿಟ್ಟು ಮರುದಿನ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದೆ. ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಚುಚ್ಚಿ ಸ್ವಿಚ್ ಮೇಲೆ ತಳ್ಳಿದೆ. ಹಸಿರು ದೀಪ ಹತ್ತಿತು. ಅಲೆ ಅಲೆಯಾದ ಆ ಹಿನ್ನೆಲೆ ಬಂತು. ಸತ್ತಿದ್ದು ಬ್ಯಾಟರಿ ಮಾತ್ರ. ಯಂತ್ರ ಇಷ್ಟೂ ವರ್ಷ ಜೀವಂತವಾಗಿಯೇ ಇತ್ತು.

ಬ್ಯಾಟರಿ ಇಲ್ಲದೆಯೂ ಕೆಲಸ ನಡೆಯುತ್ತದೆ ಅಂದುಕೊಂಡರೆ ಒಂದು ತೊಡಕು. ಫರ್ಮ್‌ವೇರ್ ಅಪ್‌ಡೇಟ್ ಮಾಡಲು ಚಾರ್ಜರೂ ಬೇಕು, ಚಾರ್ಜ್ ಇರುವ ಬ್ಯಾಟರಿಯೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ಮುಂದಕ್ಕೆ ಹೋಗುವುದಿಲ್ಲ. ಮೊದಲು ನನಗೆ ಬೇಸರವಾಯಿತು. ಆಮೇಲೆ ಯೋಚಿಸಿದರೆ ಅದು ಸರಿಯೇ. ಅರ್ಧ ಬರೆದಾಗ ಕರೆಂಟು ಹೋದರೆ ಯಂತ್ರ ಮತ್ತೆ ಏಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ನನಗೆ ಗೊತ್ತು. ಹೊಸ ಬ್ಯಾಟರಿ ತರಿಸಿದೆ. ಅದು ಬರುವವರೆಗೆ ಕಾದೆ.

ಈ ಮಧ್ಯೆ ತಮ್ಮನಿಗೂ ಹಳೇ ಹುರುಪು ಬಂದಿತ್ತು. "ಅಕ್ಕ, ಪಂಡೋರಾ ಬ್ಯಾಟರಿ ಅಂತ ಇರುತ್ತೆ, ಅದನ್ನ ಹುಡುಕು. ನಮ್ಮ ಹಾಸ್ಟೆಲಲ್ಲಿ ಎಲ್ಲ ಅದ್ರಲ್ಲೇ ಮಾಡ್ತಿದ್ರು" ಅಂದ. ಅವನು ಹೇಳಿದ್ದು ನಿಜವೇ. 2007ರಲ್ಲಿ ಹವ್ಯಾಸಿಗಳು ಕಂಡುಕೊಂಡ ಉಪಾಯ ಅದು. ಬ್ಯಾಟರಿಯೊಳಗೆ ಒಂದು ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಒಂದು ವಿಶೇಷ ನಂಬರಿಗೆ ಬದಲಿಸಿದರೆ ಪಿಎಸ್‌ಪಿ ಇದು ರಿಪೇರಿಯವರ ಬ್ಯಾಟರಿ ಅಂದುಕೊಂಡು ಸರ್ವಿಸ್ ಮೋಡಿನಲ್ಲಿ ಏಳುತ್ತದೆ. ಆದರೆ ಅದು ಮೊದಲಿನ ಮಾದರಿಗಳಿಗೆ. ನಮ್ಮದು 3000. 2008ರಲ್ಲಿ ಈ ಮಾದರಿ ಬರುವಷ್ಟರಲ್ಲಿ ಕಂಪನಿ ಆ ಬಾಗಿಲು ಮುಚ್ಚಿತ್ತು. ಮಾದರಿ ನಂಬರ್ ನೋಡದೆ ಸಲಹೆ ಕೇಳಿದ್ದರೆ ಸುಮ್ನೆ ದುಡ್ಡು ಹೋಗುತ್ತಿತ್ತು.

3000ಕ್ಕೆ ದಾರಿ ಬೇರೆ. ಪಿಎಸ್‌ಪಿ ಯಾವ ಪ್ರೋಗ್ರಾಂ ನಡೆಸುವ ಮೊದಲೂ ಅದರ ಮೇಲೆ ಕಂಪನಿಯ ಗುಪ್ತ ಸಹಿ ಇದೆಯಾ ಅಂತ ನೋಡುತ್ತದೆ. 2011ರಲ್ಲಿ ಅದೇ ಕಂಪನಿಯ ಇನ್ನೊಂದು ಗೇಮ್ ಯಂತ್ರ ಪ್ಲೇಸ್ಟೇಷನ್ 3ರ ಬೀಗ ಒಡೆದಾಗ ಪಿಎಸ್‌ಪಿಯ ಸಹಿಯ ಕೀಲಿಗಳೂ ಹೊರಬಂದವು. ಅಲ್ಲಿಂದ ಹವ್ಯಾಸಿಗಳು ತಮ್ಮ ಪ್ರೋಗ್ರಾಮಿಗೂ ಸಹಿ ಹಾಕಬಲ್ಲವರಾದರು. ಹಾಗೆ ಸಹಿ ಹಾಕಿದ ಒಂದು ಲೋಡರ್ ಅನ್ನು ಮೆಮೊರಿ ಕಾರ್ಡಿನಲ್ಲಿಟ್ಟು ನಡೆಸಿದರೆ ಸಾಕು, ಅದು ಕಸ್ಟಮ್ ಫರ್ಮ್‌ವೇರ್ ಅನ್ನು, ಅಂದರೆ ಹವ್ಯಾಸಿಗಳು ಮಾರ್ಪಡಿಸಿದ ಫರ್ಮ್‌ವೇರ್ ಅನ್ನು, ಎಬ್ಬಿಸುತ್ತದೆ. ನಾನು ಆರಿಸಿಕೊಂಡದ್ದು ಆರ್ಕ್-4 ಎಂಬ ಕಸ್ಟಮ್ ಫರ್ಮ್‌ವೇರ್. ಅದರ ಒಂದು ಫೋಲ್ಡರ್ ಪಿಎಸ್‌ಪಿ ಫೋಲ್ಡರಿನ ಒಳಗಿನ ಸೇವ್‌ಡೇಟಾದಲ್ಲಿ ಕೂರಬೇಕು, ಲೋಡರ್ ಇರುವ ಫೋಲ್ಡರ್ ಪಕ್ಕದ ಗೇಮ್‌ನಲ್ಲಿ. ಮೊದಲು ಯಂತ್ರವನ್ನು ಕಂಪನಿಯದೇ ಕೊನೆಯ ಫರ್ಮ್‌ವೇರ್ 6.61ಕ್ಕೆ ತಂದೆ. ಇಷ್ಟು ಸರಾಗವಾಗಿ ಆಯಿತು.

ಕಾಟ ಶುರುವಾದದ್ದು ಇಲ್ಲಿಂದ.

ಪಿಎಸ್‌ಪಿಗೆ ಬೇಕಾದ ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಎಂಬ ಕಾರ್ಡು ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವ ಹಾಗೆ ಒಂದು ಅಡಾಪ್ಟರ್ ಕೊಂಡು ಅದರಲ್ಲಿ ಮೈಕ್ರೊಎಸ್‌ಡಿ ಕಾರ್ಡ್ ಹಾಕಿದೆ. ಕಾರ್ಡ್ 64 ಜಿಬಿ, ತೀರಾ ಕಡಿಮೆ ಬೆಲೆಗೆ ಸಿಕ್ಕಿತ್ತು. ಅಷ್ಟು ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಬರುತ್ತವೆ, ಪಿಎಸ್‌ಪಿಗೆ ಅದು ಓದಲು ಬರುವುದಿಲ್ಲ, ಅದಕ್ಕೆ ಫ್ಯಾಟ್32 ಬೇಕು. ಪಿಎಸ್‌ಪಿಯ ಸೆಟ್ಟಿಂಗ್ಸ್ ಒಳಗೇ ಫಾರ್ಮ್ಯಾಟ್ ಮಾಡುವುದು ಒಳ್ಳೆಯದು, ಬೇಕಾದ ಫೋಲ್ಡರುಗಳನ್ನೂ ಅದೇ ಮಾಡಿಕೊಡುತ್ತದೆ. ಮಾಡಿದೆ. ಲೋಡರ್ ಹಾಕಿದೆ. ನಡೆಯಿತು. ಪಿಡಿಎಫ್ ಓದುವ ಬುಕ್‌ಆರ್ ಎಂಬ ಹಳೇ ಹೋಂಬ್ರೂ ಹಾಕಿದೆ. ಅದೂ ನಡೆಯಿತು. ತಮ್ಮನ ಹಳೇ ಫೋಟೊ, ಹಾಡು ಎಲ್ಲ ಲ್ಯಾಪ್‌ಟಾಪಿನಿಂದ ಕಾರ್ಡಿಗೆ ತುಂಬಿದೆ.

ಮರುದಿನ ನೋಡಿದರೆ ಬುಕ್‌ಆರ್ ಚಿತ್ರವಿದ್ದ ಜಾಗದಲ್ಲಿ "ಕರಪ್ಟೆಡ್ ಡೇಟಾ" ಅಂತ ಬರೆದುಕೊಂಡಿತ್ತು.

ಅಳಿಸಿ ಮತ್ತೆ ಹಾಕಿದೆ. ಸರಿಹೋಯಿತು. ಒಂದು ದಿನ ಬಿಟ್ಟು ಲೋಡರ್ ಹಾಳಾಯಿತು. ಮತ್ತೆ ಹಾಕಿದೆ. ಫರ್ಮ್‌ವೇರಿನ ಮೇಲೆ ಅನುಮಾನ ಬಂತು, ಅದರ ಬೇರೆ ಆವೃತ್ತಿ ಹಾಕಿ ನೋಡಿದೆ. ಅಡಾಪ್ಟರ್ ಸಡಿಲ ಇರಬಹುದು ಅಂತ ಸಣ್ಣ ಕಾಗದ ಮಡಚಿ ಸಿಕ್ಕಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಒಂದು ವಾರ ಕಳೆಯಿತು.

ಆಗ ಒಂದು ನೋಟ್‌ಬುಕ್ ತೆಗೆದುಕೊಂಡೆ. ಅಪ್ಪ ಪ್ರೆಸ್ಸಿನಲ್ಲಿದ್ದಾಗ ಪ್ರೂಫ್ ನೋಡುತ್ತಿದ್ದ ರೀತಿ ನೆನಪಿತ್ತು. ಒಂದು ಸುತ್ತು ಬರೀ ಅಕ್ಷರ ನೋಡುತ್ತಿದ್ದರು. ಇನ್ನೊಂದು ಸುತ್ತು ಬರೀ ಚಿಹ್ನೆ. ಎರಡನ್ನೂ ಒಟ್ಟಿಗೆ ನೋಡಿದರೆ ಎರಡೂ ತಪ್ಪಿಹೋಗುತ್ತವೆ ಅನ್ನುತ್ತಿದ್ದರು. ನಾನೂ ಹಾಗೆ ಗೆರೆ ಎಳೆದೆ. ಇವತ್ತು ಏನು ಬದಲಿಸಿದೆ, ಏನಾಯಿತು, ಎಷ್ಟು ಗಂಟೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮತ್ತು ಬುಡದಿಂದ ಮೇಲಕ್ಕೆ. ಕರೆಂಟು ಸರಿ ಇದೆ. ಅದರ ಮೇಲಿನ ಮೆಟ್ಟಿಲು ಕಾರ್ಡು. ಅದನ್ನು ನಾನು ಪರೀಕ್ಷೆಯೇ ಮಾಡಿರಲಿಲ್ಲ. ಹೊಸದು ಅಲ್ವಾ, ಸರಿ ಇರುತ್ತೆ ಅಂದುಕೊಂಡಿದ್ದೆ.

ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಅದರಲ್ಲಿ ಎಫ್3 ಅಂತ ಒಂದು ಪುಟ್ಟ ಉಪಕರಣ ಸಿಗುತ್ತದೆ. ವಿಂಡೋಸಿನವರು ಇದೇ ಕೆಲಸಕ್ಕೆ ಎಚ್2ಟೆಸ್ಟ್‌ಡಬ್ಲ್ಯು ಬಳಸುತ್ತಾರೆ. ಅದು ಮಾಡುವುದು ಸರಳ. ಕಾರ್ಡಿನ ತುಂಬ ತನಗೆ ಗೊತ್ತಿರುವ ಮಾಹಿತಿ ಬರೆಯುತ್ತದೆ. ಆಮೇಲೆ ಎಲ್ಲವನ್ನೂ ವಾಪಸ್ ಓದಿ ಬರೆದದ್ದೇ ಇದೆಯಾ ಅಂತ ತಾಳೆ ನೋಡುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಗ್ಗೆ ಕಾಫಿ ಹಿಡಿದು ಬಂದು ನೋಡಿದರೆ ಎರಡು ಅಂಕಿ. ಸರಿ ಇದ್ದದ್ದು 8 ಜಿಬಿಗಿಂತ ಸ್ವಲ್ಪ ಕಡಿಮೆ. ಉಳಿದದ್ದೆಲ್ಲ ಕಳೆದುಹೋಗಿದೆ.

ಅದು 64 ಜಿಬಿ ಕಾರ್ಡೇ ಅಲ್ಲ. ಒಳಗಿನ ಕಂಟ್ರೋಲರಿಗೆ 64 ಅಂತ ಸುಳ್ಳು ಹೇಳಲು ಕಲಿಸಿದ್ದಾರೆ. 8 ಜಿಬಿ ತುಂಬುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಅದು ದಾಟಿದ ಮೇಲೆ ಬರೆದದ್ದಕ್ಕೆ ಜಾಗವೇ ಇಲ್ಲ, ಅದು ಹಳೆಯದರ ಮೇಲೆ ಬಂದು ಬೀಳುತ್ತದೆ. ತಮ್ಮನ ಫೋಟೊಗಳು ನನ್ನ ಬುಕ್‌ಆರ್ ಅನ್ನು ತುಳಿದಿದ್ದವು. ಮಾರಿದವರ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಯಾರೋ ಮದುವೆಯ ಫೋಟೊ ತುಂಬಿಟ್ಟಿದ್ದರೆ ಏನು ಗತಿ? ಕಾರ್ಡ್ ಕೊಂಡ ದಿನವೇ ಪರೀಕ್ಷೆ ಮಾಡಿ. ಪಿಎಸ್‌ಪಿಗಾಗಲಿ, ಕ್ಯಾಮೆರಾಗಾಗಲಿ, ಫೋನಿಗಾಗಲಿ. ಒಂದು ರಾತ್ರಿಯ ಕೆಲಸ ಅಷ್ಟೇ.

ಬೇರೆ ಕಡೆಯಿಂದ 16 ಜಿಬಿಯ ಕಾರ್ಡ್ ತಂದೆ. ಮೊದಲು ಎಫ್3, ಆಮೇಲೆ ಮಿಕ್ಕದ್ದು. ಆ ದಿನದಿಂದ ಇವತ್ತಿನವರೆಗೆ "ಕರಪ್ಟೆಡ್" ಅನ್ನುವ ಮಾತು ಕಂಡಿಲ್ಲ.

ಫೋಲ್ಡರಿನ ತಪ್ಪುಗಳು ಎಲ್ಲರಿಗೂ ಆಗುವಂಥವು, ಬೇಗ ಹೇಳಿಬಿಡುತ್ತೇನೆ. ಪ್ರೋಗ್ರಾಮಿನ ಕಡತದ ಹೆಸರು ಈಬೂಟ್ ಡಾಟ್ ಪಿಬಿಪಿ ಅಂತಲೇ ಇರಬೇಕು. ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಬಂದು ಕೂತಿದ್ದರೆ ಪಿಎಸ್‌ಪಿ ಅಷ್ಟು ಒಳಗೆ ಹೋಗಿ ಹುಡುಕುವುದಿಲ್ಲ. ವಿಂಡೋಸ್ ಬಾಲದ ಅಕ್ಷರಗಳನ್ನು ಬಚ್ಚಿಡುವುದರಿಂದ ಪಿಬಿಪಿ ಎರಡು ಸಲ ಸೇರಿರುವುದೂ ಉಂಟು. ಯಂತ್ರ ಏನೂ ಹೇಳದೆ ಸುಮ್ಮನಿದ್ದರೆ ಮೊದಲು ಈ ಮೂರನ್ನು ನೋಡಬೇಕು.

ಆಮೇಲೆ ಬಂದದ್ದು ಆ ಅಂಕಿ. 80020148. ಬುಕ್‌ಆರ್ ಮೇಲೆ ಎಕ್ಸ್ ಒತ್ತಿದರೆ "ಗೇಮ್ ಶುರು ಮಾಡಲಾಗಲಿಲ್ಲ" ಅನ್ನುವ ಇಂಗ್ಲಿಷ್ ಸಾಲು, ಆವರಣದೊಳಗೆ ಈ ಎಂಟು ಅಂಕಿ. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಅದೇ ಕಾರ್ಡು, ಅದೇ ಕಡತ. ಒಂದಕ್ಕೊಂದು ಸಂಬಂಧ ಸಿಗದೆ ಎರಡು ದಿನ ತಲೆ ಕೆಡಿಸಿಕೊಂಡೆ.

ಉತ್ತರ ಸಿಕ್ಕಿದ್ದು ನೋಟ್‌ಬುಕ್ಕಿನ ಮೂರನೇ ಕಾಲಮ್ಮಿನಲ್ಲಿ. ಗಂಟೆ ಬರೆದಿಟ್ಟಿದ್ದೆನಲ್ಲ. ತಪ್ಪು ಬಂದದ್ದೆಲ್ಲ ಬೆಳಗ್ಗೆ. ಸಂಜೆ ಆಫೀಸಿಂದ ಬಂದು ನೋಡಿದಾಗ ಒಂದು ಸಲವೂ ಬಂದಿಲ್ಲ. ಬೆಳಗ್ಗೆಗೂ ಸಂಜೆಗೂ ಏನು ವ್ಯತ್ಯಾಸ? ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ನಿಂತಾಗ ಹೊಳೆಯಿತು. ಬೆಳಗ್ಗೆ ಹೊತ್ತು ಅದನ್ನು ಕೆಳಗಿಡುವಾಗ ಆಫೀಸಿನ ಅವಸರ, ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿ ಬಿಡುತ್ತೇನೆ. ಅದು ನಿದ್ದೆಗೆ ಹೋಗುತ್ತದೆ. ಸಂಜೆ ಅಲ್ಲಿಂದಲೇ ಏಳುತ್ತದೆ. ರಾತ್ರಿ ಮಲಗುವ ಮೊದಲು ಹಾಗಲ್ಲ, ಬ್ಯಾಟರಿ ಉಳಿಯಲಿ ಅಂತ ಸ್ವಿಚ್ಚನ್ನು ಮೂರ್ನಾಲ್ಕು ಸೆಕೆಂಡ್ ಹಿಡಿದು ಪೂರ್ತಿ ಆರಿಸುತ್ತೇನೆ.

ಪೂರ್ತಿ ಆರಿಸಿದರೆ 3000 ಮಾದರಿ ಕಸ್ಟಮ್ ಫರ್ಮ್‌ವೇರನ್ನು ಮರೆತುಬಿಡುತ್ತದೆ. ಅದು ಇದ್ದದ್ದು ನೆನಪಿನ ಚಿಪ್ಪಿನಲ್ಲಿ. ಕರೆಂಟು ಹೋದರೆ ನೆನಪೂ ಹೋಯಿತು. ಬೆಳಗ್ಗೆ ಏಳುವುದು ಕಂಪನಿಯ 6.61. ಅದು ಬುಕ್‌ಆರ್ ನೋಡಿ, ಇದರ ಮೇಲೆ ಸಹಿ ಇಲ್ಲ, ನಾನು ನಡೆಸಲ್ಲ ಅನ್ನುತ್ತದೆ. 80020148 ಅಂದರೆ ಇಷ್ಟೇ ಅರ್ಥ. ಕಡತ ಕೆಟ್ಟಿಲ್ಲ, ಕಾರ್ಡ್ ಕೆಟ್ಟಿಲ್ಲ. ಮೊದಲು ಲೋಡರ್ ನಡೆಸಿ ಆಮೇಲೆ ಬುಕ್‌ಆರ್ ಒತ್ತಿದರೆ ಆಯಿತು. ದಿನಾ ಬೆಳಗ್ಗೆ ಒಂದು ಸಲ.

ಯಂತ್ರದೊಳಗಿನ ಫ್ಲ್ಯಾಶ್ ಮೆಮೊರಿಗೇ ಬರೆದು ಇದನ್ನು ಶಾಶ್ವತ ಮಾಡುವ ದಾರಿಗಳೂ ಇವೆ. ನಾನು ಮಾಡಿಲ್ಲ. ತಾತ್ಕಾಲಿಕವಾದದ್ದರ ಕಡತಗಳು ಕಾರ್ಡಿನ ಮೇಲೆ ಇರುತ್ತವೆ. ಏನೇ ಎಡವಟ್ಟಾದರೂ ಕಾರ್ಡ್ ಕಿತ್ತರೆ ಯಂತ್ರ ಮೊದಲಿನ ಹಾಗೇ ಏಳುತ್ತದೆ. ಇದು ತಮ್ಮನ ಯಂತ್ರ, ಅವನ ಮೊದಲ ದುಡಿಮೆ. ದಿನಕ್ಕೆ ಹತ್ತು ಸೆಕೆಂಡ್ ಉಳಿಸಲು ಅದನ್ನು ಪಣಕ್ಕೆ ಇಡಲು ನನಗೆ ಇಷ್ಟವಿಲ್ಲ. ಒಮ್ಮೆ ಒಂದು ಪ್ಲಗಿನ್ ಹಾಕಿ ಪರದೆ ಪೂರಾ ಕಪ್ಪಾದಾಗಲೂ ಕೈ ಹಿಡಿದದ್ದು ಇದೇ. ಕಾರ್ಡ್ ತೆಗೆದೆ, ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ನಿನ ಸಾಲು ಅಳಿಸಿದೆ, ವಾಪಸ್ ಹಾಕಿದೆ. ಐದು ನಿಮಿಷದಲ್ಲಿ ಮುಗಿಯಿತು.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ.

ಪಿಎಸ್‌ಪಿಗೆ ಪ್ರೋಗ್ರಾಂ ಬರೆಯಲು ಹವ್ಯಾಸಿಗಳೇ ಕಟ್ಟಿದ ಪಿಎಸ್‌ಪಿ-ಡೆವ್ ಎಂಬ ಉಚಿತ ಸಾಮಾನುಗಳ ಗಂಟು ಇದೆ. ಅದರಲ್ಲಿ ಪರದೆಗೆ ಅಕ್ಷರ ಬರೆಯುವ ಒಂದು ಸರಳ ಆಜ್ಞೆ ಇದೆ. ಇಂಗ್ಲಿಷಿನಲ್ಲಿ ಹಲೋ ಅಂತ ಬರೆದೆ, ಬಂತು. ಕನ್ನಡದಲ್ಲಿ "ಅಪ್ಪ" ಅಂತ ಬರೆದೆ. ಹನ್ನೆರಡು ವಿಚಿತ್ರ ಗುರುತುಗಳು ಬಂದವು.

ಆ ಹನ್ನೆರಡು ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿದೆ. ಕಣ್ಣಿಗೆ "ಅಪ್ಪ" ಎರಡು ಅಕ್ಷರ. ಎಲ್ಲ ಲಿಪಿಗಳ ಗುರುತುಗಳಿಗೂ ಒಂದೊಂದು ನಂಬರ್ ಕೊಡುವ ಯುನಿಕೋಡಿನಲ್ಲಿ ನಾಲ್ಕು: ಅ, ಪ, ಸ್ವರ ತೆಗೆಯುವ ಗುರುತು, ಮತ್ತೆ ಪ. ಆ ನಂಬರುಗಳನ್ನು ಕಡತದಲ್ಲಿ ಬರೆದಿಡುವ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟು. ಒಟ್ಟು ಹನ್ನೆರಡು. ಆ ಆಜ್ಞೆಗೆ ಒಂದು ಬೈಟು ಅಂದರೆ ಒಂದು ಅಕ್ಷರ, ಅಷ್ಟೇ ಗೊತ್ತು. ಸರಿ, ಫ್ರೀಟೈಪ್ ಎಂಬ ಫಾಂಟ್ ಲೈಬ್ರರಿ (ಸಿದ್ಧ ಪ್ರೋಗ್ರಾಂ ತುಣುಕುಗಳ ಗಂಟು) ಸೇರಿಸಿ, ಯುನಿಕೋಡ್ ಬಿಡಿಸುವುದನ್ನೂ ಬರೆದು, ನೋಟೊ ಕನ್ನಡ ಫಾಂಟ್ ಕೊಟ್ಟೆ. ಈ ಸಲ ಕನ್ನಡವೇ ಬಂತು. ಎದೆ ಒಂದು ಕ್ಷಣ ಹೊಡೆದುಕೊಂಡಿತು. ಆದರೆ ಬಂದದ್ದು ಅ, ಪ, ಪಕ್ಕದಲ್ಲಿ ಒಂಟಿ ಕೊಂಬಿನಂಥ ಗುರುತು, ಆಮೇಲೆ ಇನ್ನೊಂದು ದಪ್ಪ ಪ. ಎಲ್ಲ ಒಂದೇ ಸಾಲಿನಲ್ಲಿ. ಒತ್ತು ಕೆಳಗೆ ಇಳಿದಿರಲಿಲ್ಲ.

1991ರಲ್ಲೇ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದೆ. ಆದರೆ ಅಲ್ಲಿರುವುದು ಬಿಡಿ ಗುರುತುಗಳು. ಅವನ್ನು ಕೂಡಿಸಿ ಒತ್ತು ಕಟ್ಟುವುದು, ಗುಡಿಸು ಸೇರಿಸುವುದು ಬೇರೆಯದೇ ಪ್ರೋಗ್ರಾಮಿನ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ, ಬ್ರೌಸರಿನಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ನಾವು ದಿನವಿಡೀ ಕನ್ನಡ ಟೈಪ್ ಮಾಡುತ್ತೇವೆ, ಹಿಂದೆ ಇಷ್ಟು ಕೆಲಸ ನಡೆಯುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಬುಕ್‌ಆರ್‌ನಲ್ಲಿ ಕನ್ನಡ ಪಿಡಿಎಫ್ ಸರಿಯಾಗಿ ಕಂಡದ್ದಕ್ಕೂ ಕಾರಣ ಆಗ ತಿಳಿಯಿತು. ಪಿಡಿಎಫ್‌ನಲ್ಲಿ ಪ್ರತಿ ತುಂಡೂ ಎಲ್ಲಿ ಕೂರಬೇಕು ಅಂತ ಮೊದಲೇ ಬರೆದಿಟ್ಟಿರುತ್ತದೆ. ಅಲ್ಲಿ ಕಟ್ಟುವ ಕೆಲಸವೇ ಇಲ್ಲ.

ರಾತ್ರಿ ಹನ್ನೊಂದು ದಾಟಿತ್ತು. ನೀರು ಕುಡಿಯಲು ಎದ್ದ ಅಪ್ಪ ಹಿಂದೆ ಬಂದು ನಿಂತರು.

"ಏನಮ್ಮ, ಇನ್ನೂ ಮಲಗಿಲ್ವಾ? ಅಕ್ಷರ ಯಾಕೆ ಹಂಗೆ ಚೆಲ್ಲಾಪಿಲ್ಲಿ ಆಗಿದೆ?"

ಹೇಳಿದೆ. ಒತ್ತು ಕೂರುತ್ತಿಲ್ಲ ಅಂದೆ. ಅಪ್ಪ ಅಗ್ರಹಾರದ ಕಡೆಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವರು. ಸೀಸದ ಮೊಳೆ ಒಂದೊಂದಾಗಿ ಕೇಸಿನಿಂದ ಹೆಕ್ಕಿ ಜೋಡಿಸಿದ ಕೈ ಅದು. ಅವರ ಬಲಗೈಯ ಹೆಬ್ಬೆರಳಿನ ತುದಿ ಇವತ್ತಿಗೂ ಸ್ವಲ್ಪ ಚಪ್ಪಟೆ. ಕುರ್ಚಿ ಎಳೆದುಕೊಂಡು ಕೂತರು.

"ಒತ್ತು ಬೇರೆ ಮೊಳೆ ಕಣಮ್ಮ. ಅಕ್ಷರದ ಜೊತೆ ಹುಟ್ಟಿ ಬರಲ್ಲ ಅದು. 'ಮೂವತ್ತು' ಅಂತ ಜೋಡಿಸ್ಬೇಕಾದ್ರೆ ಮೊದಲು ತು ಇಡ್ತಿದ್ವಿ, ಆಮೇಲೆ ಪಕ್ಕಕ್ಕೆ ತಾವತ್ತು."

"ತು ಮೊದಲಾ? ಕೊಂಬು ಆಮೇಲೆ ಅಲ್ವಾ ಅಪ್ಪ?"

"ಬಾಯಲ್ಲಿ ಹೇಳೋವಾಗ ಆಮೇಲೆ. ಕಣ್ಣಿಗೆ ಮೊದಲು."

ಯುನಿಕೋಡ್ ಇಡುವುದು ಬಾಯಲ್ಲಿ ಹೇಳುವ ಕ್ರಮದಲ್ಲಿ. ತ, ಒತ್ತಿನ ಗುರುತು, ತ, ಕೊನೆಗೆ ಕೊಂಬು. ಅಪ್ಪ ಇಡುತ್ತಿದ್ದದ್ದು ಕಣ್ಣಿಗೆ ಕಾಣುವ ಕ್ರಮದಲ್ಲಿ. "ವರ್ಷ"ದಲ್ಲಿ ಇನ್ನೂ ಸ್ಪಷ್ಟ. ಉಚ್ಚಾರಕ್ಕೆ ರ ಮೊದಲು, ಷ ಆಮೇಲೆ. ಬರೆಯುವಾಗ ಷ ಮೊದಲು, ಅರ್ಕಾವತ್ತು ಆಮೇಲೆ. ನನ್ನ ಪಿಎಸ್‌ಪಿಗೆ ಕನ್ನಡ ಕಟ್ಟಲು ಬಾರದಿದ್ದರೆ ಬೇಡ, ಕಂಪೋಸಿಟರ್ ಹಾಗೆ ಹೇಳಿದ ತುಂಡನ್ನು ಹೇಳಿದ ಜಾಗದಲ್ಲಿ ಇಟ್ಟರೆ ಸಾಕಲ್ಲ.

ಮರುದಿನ ಅಪ್ಪನ ಹಳೇ ಸಿಡಿ ಒಂದನ್ನು ಹುಡುಕಿದೆ. ಮೊಳೆ ಹೋಗಿ ಕಂಪ್ಯೂಟರ್ ಬಂದ ಮೇಲೆ ಅವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು ಅದರಲ್ಲಿದ್ದವು. ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಕಸದ ಹಾಗೆ ಕಾಣುತ್ತದೆ. ಅದನ್ನು ಒಂದೊಂದೇ ಗುರುತಾಗಿ ಬಿಡಿಸಿದೆ. "ತ್ತು" ಇದ್ದ ಕಡೆ ಮೊದಲು ತ, ಆಮೇಲೆ ಕೊಂಬು, ಕೊನೆಗೆ ತಾವತ್ತು. ಅಪ್ಪ ಹೇಳಿದ ಕ್ರಮವೇ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳು ಕನ್ನಡವನ್ನು ಹೀಗೆ ತುಂಡುಗಳಾಗಿ ಇಟ್ಟುಕೊಂಡಿದ್ದವು. ಹಳತಾಯಿತು, ಯುನಿಕೋಡ್ ಅಲ್ಲ ಅಂತ ನಾನೇ ಎಷ್ಟೋ ಸಲ ಅವನ್ನು ತೆಗಳಿದ್ದೇನೆ. ಇಂಟರ್ನೆಟ್ಟಿನಲ್ಲಿ ಹುಡುಕಲು ಆಗದು ಅನ್ನುವುದು ನಿಜವೇ. ಆದರೆ ಕನ್ನಡ ಕಟ್ಟಲು ಗೊತ್ತಿಲ್ಲದ ಯಂತ್ರಗಳ ಕಾಲದಲ್ಲಿ ಪತ್ರಿಕೆ, ಪಠ್ಯಪುಸ್ತಕ, ಮದುವೆ ಕಾಗದ ಎಲ್ಲ ಅಚ್ಚಾದದ್ದು ಆ ಜಾಣತನದಿಂದ.

ಹಾಗಾಗಿ ಕೆಲಸವನ್ನು ಎರಡು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ. ಅದು ಯುನಿಕೋಡ್ ಸಾಲನ್ನು ಓದಿ ಕಣ್ಣಿನ ಕ್ರಮಕ್ಕೆ ತಿರುಗಿಸಿ, ತುಂಡುಗಳ ನಂಬರಾಗಿ ಬರೆದುಕೊಡುತ್ತದೆ. ಪಿಎಸ್‌ಪಿಯಲ್ಲಿ ಇನ್ನೊಂದು. ಅದಕ್ಕೆ ಕನ್ನಡ ಗೊತ್ತಿಲ್ಲ. ಈ ನಂಬರಿನ ಚಿತ್ರ ಇಡು, ಇಷ್ಟು ಚುಕ್ಕಿ ಬಲಕ್ಕೆ ಹೋಗು, ಒತ್ತಾದರೆ ಇಷ್ಟು ಚುಕ್ಕಿ ಕೆಳಗೆ ಇಳಿ, ಅಷ್ಟೇ ಗೊತ್ತು. ನೋಟೊ ಫಾಂಟಿನಿಂದ ಒಂದೊಂದೇ ತುಂಡನ್ನು ಪುಟ್ಟ ಚಿತ್ರವಾಗಿ ಕತ್ತರಿಸಿದೆ. ಮೂವತ್ನಾಲ್ಕು ವ್ಯಂಜನ, ಅಷ್ಟೇ ಒತ್ತು, ಗುಡಿಸು ಬಂದಾಗ ಆಕಾರವೇ ಬದಲಾಗುವ ಕಿ, ತಿ, ಸಿಗಳು. ಎಲ್ಲವೂ ಇನ್ನೂ ಆಗಿಲ್ಲ. ಒಂದು ವಾಕ್ಯಕ್ಕೆ ಬೇಕಾದಷ್ಟು ಮಾತ್ರ ಮೊದಲು ಮಾಡಿಕೊಂಡೆ.

"ಅಪ್ಪ ಮೂವತ್ತು ವರ್ಷ ಅಕ್ಷರ ಜೋಡಿಸಿದರು."

ಕಡತ ಕಾರ್ಡಿಗೆ ಹಾಕಿದೆ. ಲೋಡರ್ ನಡೆಸಿದೆ. ನನ್ನ ಪ್ರೋಗ್ರಾಮಿನ ಮೇಲೆ ಎಕ್ಸ್ ಒತ್ತಿದೆ. ಎಡಗಡೆಯ ಕಿತ್ತಳೆ ದೀಪ ಎರಡು ಸಲ ಮಿಣುಕಿತು. ಕಪ್ಪು ಪರದೆಯ ನಡುವೆ ಬಿಳಿ ಅಕ್ಷರದಲ್ಲಿ ಸಾಲು ಮೂಡಿತು. ಪಾವತ್ತು ಕೆಳಗೆ, ತಾವತ್ತು ಕೆಳಗೆ, ಷಾವತ್ತು ಕೆಳಗೆ, ಅರ್ಕಾವತ್ತು ಷದ ಪಕ್ಕದಲ್ಲಿ.

ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕೈಗೆ ಕೊಟ್ಟೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಓದಿ ಮುಗಿಸಿ, ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು, ಪರದೆಯನ್ನು ಕಣ್ಣಿನ ಹತ್ತಿರ ತಂದರು. ಚಪ್ಪಟೆ ಹೆಬ್ಬೆರಳು ಮೊದಲ ಪದದ ಮೇಲೆ ನಿಂತಿತು.

"ಪಾವತ್ತು ಸ್ವಲ್ಪ ಕೆಳಗೆ ಬಿದ್ದಿದೆ. ಕೆಳಗಿನ ಸಾಲು ಬಂದ್ರೆ ತಲೆಕಟ್ಟಿಗೆ ತಾಗುತ್ತೆ."

ಒಳಗೆ ಹೋಗಿ ಯಾವ ಒತ್ತು ಎಷ್ಟು ಚುಕ್ಕಿ ಇಳಿಯಬೇಕು ಅನ್ನುವ ಪಟ್ಟಿ ತೆರೆದೆ. ಪಾವತ್ತಿನ ಎದುರು 9 ಇತ್ತು. 7 ಮಾಡಿದೆ. ಮತ್ತೆ ಕಾರ್ಡಿಗೆ ಹಾಕಿ, ಮತ್ತೆ ಒತ್ತಿ, ಮತ್ತೆ ತಂದು ಕೊಟ್ಟೆ.

ಅಪ್ಪ ನೋಡಿದರು.

"ಈಗ ಕೂತಿದೆ. ಎಲ್ಲಿ, ಮುಂದಿನ ಸಾಲು ಹಾಕು."